ಗುರಿ ಮತ್ತು ಗಳಿಗೆ

ಗುರಿಯು ಮನುಷ್ಯನ ನಡವಳಿಕೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆ ಬಹುಕಾಲ ಉಪದೇಶಕರ ವಶದಲ್ಲಿದ್ದು, ಅದನ್ನು ಪ್ರಯೋಗದ ಒರೆಗೆ ಹಚ್ಚಿ ನೋಡುವ ಕೆಲಸ ವ್ಯವಸ್ಥಿತವಾಗಿ ನಡೆಯತೊಡಗಿದ್ದು ಕಳೆದ ಶತಮಾನದ ಅರವತ್ತರ ದಶಕದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ನಿರ್ದಿಷ್ಟವೂ ಕಠಿಣವೂ ಆದ ಗುರಿಯನ್ನು ಒಪ್ಪಿಕೊಂಡವರು ‘ಕೈಲಾದಷ್ಟು ಮಾಡಿ’ ಎಂಬ ಸೂಚನೆ ಪಡೆದವರಿಗಿಂತ ಹೆಚ್ಚು ಸಾಧಿಸುತ್ತಾರೆ ಎಂದು ವಾದಿಸಿದರು. ಕೈಲಾದಷ್ಟು ಎಂಬುದಕ್ಕೆ ಅಳತೆಗೋಲಿಲ್ಲದ ಕಾರಣ, ಕೆಲಸ ಯಾವ ಮಟ್ಟದಲ್ಲಿ ನಿಂತರೂ ಮನಸ್ಸು ಅದನ್ನೇ ತನ್ನ ಮಿತಿಯೆಂದು ಒಪ್ಪಿಕೊಂಡುಬಿಡುತ್ತದೆ.

ಈ ವಾದ ಪ್ರಯೋಗಶಾಲೆಯ ಹೊರಗೂ ನಿಲ್ಲುತ್ತದೆಂದು ತೋರಿಸಿದ್ದು, ಗ್ಯಾರಿ ಲೇಥಮ್ ತಮ್ಮ ಸಹೋದ್ಯೋಗಿಯೊಡನೆ 1975ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಮರದ ದಿಮ್ಮಿಗಳನ್ನು ಸಾಗಿಸುತ್ತಿದ್ದ ಲಾರಿ ಚಾಲಕರು, ಕಾನೂನು ಒಪ್ಪುವ ಗರಿಷ್ಠ ತೂಕದ ಸುಮಾರು ಶೇ. 60ರಷ್ಟನ್ನು ಮಾತ್ರ ಹೇರಿಕೊಂಡು ಹೋಗುತ್ತಿದ್ದರು. ದಿಮ್ಮಿಗಳ ಗಾತ್ರವೂ ತೂಕವೂ ಒಂದೇ ಸಮನಾಗಿರದಿದ್ದುದರಿಂದ ಹೊರೆಯನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕಾಗಿತ್ತು. ಶೇ. 94 ಎಂಬ ಗುರಿಯನ್ನು ಅವರ ಮುಂದಿಟ್ಟ ಮೇಲೆ, ಕೂಲಿಯಲ್ಲಿ ಯಾವ ಹೆಚ್ಚಳವೂ ಇಲ್ಲದೆ, ನಡುವೆ ಒಮ್ಮೆ ಕುಸಿದರೂ, ಕೆಲವೇ ತಿಂಗಳಲ್ಲಿ ಹೊರೆಯ ಪ್ರಮಾಣ ಶೇ. 90ನ್ನು ದಾಟಿತು.

ಆದರೆ ಗುರಿ ಸ್ಪಷ್ಟವಾಗಿದ್ದೂ, ಅದರಲ್ಲಿ ಪೂರ್ಣ ಮನಸ್ಸಿದ್ದೂ ಕೆಲಸ ಮಾತ್ರ ನಡೆಯದಿರುವುದು ಎಲ್ಲರ ಅನುಭವದಲ್ಲಿರುವ ಸಂಗತಿ. ಜನ ಇದನ್ನು ಇಚ್ಛಾಶಕ್ತಿಯ ಕೊರತೆಯೆಂದು ತಿಳಿದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಈ ಹಳಿವು ಬಹುಪಾಲು ಅನ್ಯಾಯದ್ದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಯಿಂದ ತಿಳಿಯುತ್ತದೆ. ಅವರು ಗುರಿಯ ಜೊತೆಗೆ ಇನ್ನೊಂದು ಬಗೆಯ ನಿರ್ಧಾರವನ್ನು ಗುರುತಿಸಿದರು. ಅದನ್ನು ಕನ್ನಡದಲ್ಲಿ ಅನುಷ್ಠಾನ ಸಂಕಲ್ಪ ಎನ್ನಬಹುದು: ಇಂಥ ಸಂದರ್ಭ ಒದಗಿದಾಗ ಇಂಥ ಕೆಲಸ ಮಾಡತಕ್ಕದ್ದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ವ್ಯಾಯಾಮ ಮಾಡಬೇಕೆಂಬುದು ಗುರಿಯಾದರೆ, ಸೋಮವಾರ ಸಂಜೆ ಮನೆಗೆ ಬಂದು ಚಹಾ ಕುಡಿದ ಕೂಡಲೇ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯಬೇಕೆಂಬುದು ಅನುಷ್ಠಾನ ಸಂಕಲ್ಪ. ಹೀಗೆ ಗೊತ್ತುಮಾಡಿಕೊಂಡಾಗ ಚಹಾದ ಲೋಟ ಕೆಳಗಿಟ್ಟ ಗಳಿಗೆಯೇ ಕೆಲಸವನ್ನು ನೆನಪಿಗೆ ತರುತ್ತದೆ, ಹೋಗಲೋ ಬೇಡವೋ ಎಂಬ ಚರ್ಚೆಗೆ ಎಡೆ ಕಡಿಮೆಯಾಗುತ್ತದೆ. ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರದೊಳಗೆ ಒಮ್ಮೆಯಾದರೂ ವ್ಯಾಯಾಮ ಮಾಡಿದವರು ಯಾವ ನೆರವೂ ಪಡೆಯದ ಗುಂಪಿನಲ್ಲಿ ಶೇ. 38ರಷ್ಟಿದ್ದರು, ವ್ಯಾಯಾಮದಿಂದ ಹೃದಯಕ್ಕಾಗುವ ಲಾಭವನ್ನು ಓದಿದವರ ಗುಂಪಿನಲ್ಲಿ ಶೇ. 35ರಷ್ಟೇ ಇದ್ದರು, ಓದಿನ ಜೊತೆಗೆ ದಿನ, ಹೊತ್ತು, ಸ್ಥಳಗಳನ್ನು ಬರೆದಿಟ್ಟವರಲ್ಲಿ ಶೇ. 91ರಷ್ಟು ಮಂದಿ ವ್ಯಾಯಾಮ ಮಾಡಿದ್ದರು. ಪ್ರೇರಣೆಯ ಮಾತು ಇಚ್ಛೆಯನ್ನು ಹೆಚ್ಚಿಸಿತು, ಕಾಲನ್ನು ಮಾತ್ರ ಕದಲಿಸಲಿಲ್ಲ ಎಂಬುದು ಪ್ರೇರಣಾ ಭಾಷಣಗಳಿಗೆ ಹಣ ತೆರುವವರೆಲ್ಲ ಗಮನಿಸಬೇಕಾದ ವಿಷಯ.

ಪೂಜೆಯ ಆರಂಭದ ಸಂಕಲ್ಪದಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನೂ ಕುಳಿತ ಪ್ರದೇಶವನ್ನೂ ಹೆಸರಿಸಿದ ಮೇಲೆಯೇ ಉದ್ದೇಶವನ್ನು ಹೇಳುವ ಕ್ರಮ ಕನ್ನಡಿಗರಿಗೆ ಪರಿಚಿತವಾದದ್ದು. ಅದರ ನೆಲೆ ಧಾರ್ಮಿಕವಾದುದರಿಂದ ಮನಶ್ಶಾಸ್ತ್ರವನ್ನು ಅದಕ್ಕೆ ಗಂಟುಹಾಕುವುದು ಸಲ್ಲದು. ಆದರೂ ದೇಶಕಾಲಗಳನ್ನು ಹೇಳದ ಇಚ್ಛೆ ಅಪೂರ್ಣವೆಂಬ ಅರಿವು ಅಲ್ಲಿದೆ, ಮತ್ತು ಯುಗಾದಿಯಂದೋ ಜನವರಿ ಒಂದರಂದೋ ಮಾಡುವ ನಿರ್ಧಾರಗಳಲ್ಲಿ ಕಾಣೆಯಾಗಿರುವುದೂ ಅದೇ.

ಗುರಿ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದಲ್ಲಿ ಹಿಂದುಳಿದು ಆಸಕ್ತಿಯನ್ನೂ ಕಳೆದುಕೊಂಡಿದ್ದ ಮಕ್ಕಳಿಗೆ 42 ಪುಟಗಳ ಲೆಕ್ಕಗಳನ್ನು ಕೊಟ್ಟು, ಕೆಲವರಿಗೆ ಒಂದು ಸಲಕ್ಕೆ ಆರು ಪುಟವೆಂದೂ, ಕೆಲವರಿಗೆ ಕೊನೆಯೊಳಗೆ ಅಷ್ಟನ್ನೂ ಮುಗಿಸಬೇಕೆಂದೂ ಹೇಳಲಾಯಿತು. ಎರಡರ ಮೊತ್ತ ಒಂದೇ ಆಗಿದ್ದರೂ ಹತ್ತಿರದ ಗುರಿ ಪಡೆದ ಮಕ್ಕಳು ಕಲಿಕೆಯಲ್ಲಿ ಮುಂದಾದರು. ಅದಕ್ಕಿಂತ ಹೆಚ್ಚಾಗಿ, ತಮ್ಮಿಂದಾಗುತ್ತದೆಂಬ ನಂಬಿಕೆಯನ್ನು ಗಳಿಸಿಕೊಂಡು ಗಣಿತವನ್ನು ಇಷ್ಟಪಡತೊಡಗಿದರು. ಬೇಸಿಗೆಯ ಪರೀಕ್ಷೆಯನ್ನಷ್ಟೇ ಗುರಿಯಾಗಿಸಿಕೊಂಡ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ ಜುಲೈ ತಿಂಗಳಲ್ಲಿ ತಾನು ಗೆದ್ದೆನೋ ಸೋತೆನೋ ತಿಳಿಯುವ ಉಪಾಯವಿರುವುದಿಲ್ಲ. ಈ ವಾರದ ಪಾಠಕ್ಕೆ ಗುರಿ ಇಟ್ಟುಕೊಂಡವನಿಗೆ ಶನಿವಾರವೇ ಅದು ತಿಳಿಯುತ್ತದೆ.

ಗುರಿಯನ್ನು ಕುರಿತ ಮಾತುಗಳಲ್ಲಿ, ಯೇಲ್ ವಿಶ್ವವಿದ್ಯಾಲಯದ 1953ರ ಪದವೀಧರರಲ್ಲಿ ಗುರಿಯನ್ನು ಬರೆದಿಟ್ಟಿದ್ದ ಶೇ. 3ರಷ್ಟು ಮಂದಿ ಉಳಿದವರೆಲ್ಲರಿಗಿಂತ ಹೆಚ್ಚು ಸಂಪತ್ತು ಗಳಿಸಿದರೆಂಬ ಕಥೆ ಪದೇ ಪದೇ ಬರುತ್ತದೆ. ಹುಡುಕಿದವರಿಗೆ ಅಂಥ ಅಧ್ಯಯನದ ಯಾವ ಕುರುಹೂ ಸಿಕ್ಕಿಲ್ಲ. ಇಷ್ಟು ಗಟ್ಟಿಯಾದ ಪುರಾವೆಗಳಿರುವ ಕ್ಷೇತ್ರದಲ್ಲಿ ಕಟ್ಟುಕಥೆ ಮೆರೆಯುತ್ತಿರುವುದು ವಿಷಾದದ ಸಂಗತಿ.

ಇನ್ನು, ಕಠಿಣ ಗುರಿ ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲ. ವಿಮಾನ ಸಂಚಾರ ನಿಯಂತ್ರಣವನ್ನು ಅನುಕರಿಸುವ ಕ್ಲಿಷ್ಟ ಕೆಲಸವನ್ನು ಆಗಷ್ಟೇ ಕಲಿಯುತ್ತಿದ್ದವರಿಗೆ ಫಲಿತಾಂಶದ ಗುರಿ ನೀಡಿದಾಗ, ಕಲಿಕೆಗೆ ಬೇಕಾದ ಗಮನವನ್ನೆಲ್ಲ ಆ ಗುರಿಯೇ ಕಸಿದುಕೊಂಡು ಅವರ ಕೆಲಸ ಕೆಟ್ಟಿತೆಂದು 1989ರ ಅಧ್ಯಯನವೊಂದು ವರದಿ ಮಾಡಿತು. ಹೊಸ ವಿದ್ಯೆಗೆ ಕೈಹಾಕುವವರು ಮೊದಲಲ್ಲಿ ಇಷ್ಟು ಅಂಕ, ಇಷ್ಟು ಆದಾಯ ಎಂದು ಲೆಕ್ಕ ಹಾಕದೆ, ಇಂತಿಷ್ಟು ವಿಧಾನಗಳನ್ನು ಕಲಿಯಬೇಕೆಂಬ ಗುರಿ ಇಟ್ಟುಕೊಳ್ಳುವುದು ಮೇಲು.

ಹಿಡಿದ ಕೆಲಸ ಅಭ್ಯಾಸವಾಗಿ ಬಲಿಯಲು ಬೇಕಾಗುವ ಕಾಲದ ಬಗ್ಗೆಯೂ ತಪ್ಪು ಕಲ್ಪನೆಗಳಿವೆ. 21 ದಿನ ಸಾಕೆಂಬ ಮಾತು ಜನಜನಿತವಾದರೂ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಆ ಅವಧಿಯ ಮಧ್ಯಾಂಕ, ಎಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, 66 ದಿನವಾಗಿತ್ತು. ವ್ಯಕ್ತಿಯನ್ನೂ ಕೆಲಸವನ್ನೂ ಅವಲಂಬಿಸಿ ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿಸಿದವರಲ್ಲಿ ಅಭ್ಯಾಸ ಬೆಳೆಯುವ ಗತಿಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲವೆಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.