ಕೈ ಜಾರಿದರೂ ಹಾರದ ಕತ್ತಿ

ಕತ್ತಿವರಸೆ ಎಂದರೆ ನನಗೆ ಗೊತ್ತಿದ್ದದ್ದು ರಾಜ್‌ಕುಮಾರ್ ಸಿನಿಮಾಗಳದ್ದು ಮಾತ್ರ. ಓದಲು ಅಮೆರಿಕಕ್ಕೆ ಬಂದ ಮೇಲೆ ಭಾನುವಾರದ ಪಾರ್ಕಿನಲ್ಲಿ ಬೇರೆಯದೇ ಲೋಕ ಸಿಕ್ಕಿತು. ವಾರವಿಡೀ ಕಂಪ್ಯೂಟರ್ ಕುಟ್ಟುವವರು, ನರ್ಸ್‌ಗಳು, ಮೇಷ್ಟ್ರುಗಳು ಉಕ್ಕಿನ ಶಿರಸ್ತ್ರಾಣ ಹಾಕಿಕೊಂಡು ದಬದಬ ಬಡಿದಾಡುತ್ತಿದ್ದರು. ಇವರದ್ದು ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಎಂಬ ಸಂಘ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ್ದು. ಮಧ್ಯಯುಗದ ಉಡುಗೆ, ಅಡುಗೆ, ಕಾಳಗ ಎಲ್ಲವನ್ನೂ ಮತ್ತೆ ಮಾಡಿ ನೋಡುವುದು ಇವರ ಹುಚ್ಚು. ಈಗ ನನ್ನದೂ ಅದೇ!

ಕತ್ತಿ ಬೆತ್ತದ್ದು. ನಮ್ಮ ಶಾಲೆಯ ಮೇಷ್ಟ್ರ ಕೈಯಲ್ಲಿದ್ದ ಜಾತಿಯದೇ, ಆದರೆ ಒಂದೂಕಾಲು ಇಂಚು ದಪ್ಪ. ಮುರಿದರೆ ಚೂಪು ಚೂರಾಗದೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ ಎಂದೇ ಬೆತ್ತ. ಏಟು ಮಾತ್ರ ನಾಟಕದ್ದಲ್ಲ. ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟಿರುವುದಿಲ್ಲ.

ಆಡುವ ಮೊದಲು ಮಾರ್ಷಲ್ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಶಿರಸ್ತ್ರಾಣ ನೋಡುವುದು ಸರಿ. ನನಗೆ ವಿಚಿತ್ರವೆನಿಸಿದ್ದು ಕತ್ತಿಯ ಹಿಡಿಗೆ ಕಟ್ಟಿದ ಒಂದು ಬಾರನ್ನು ಅವರು ಜಗ್ಗಿ ಜಗ್ಗಿ ನೋಡುತ್ತಿದ್ದದ್ದು. ಒಂದೇ ಕೈಯಲ್ಲಿ ಬೀಸುವ ಕತ್ತಿಗೆ ಇದು ಬೇಕೇ ಬೇಕು. ಬಾರಿನ ಕುಣಿಕೆಗೆ ಮಣಿಕಟ್ಟು ತೂರಿಸಿ ಆಮೇಲೆ ಹಿಡಿ ಹಿಡಿಯಬೇಕು. ಬೆವರಿದ ಕೈ, ದಪ್ಪ ಗ್ಲೌಸ್, ಜೋರು ಬೀಸು. ಕ್ರಿಕೆಟ್‌ನಲ್ಲಿ ಬ್ಯಾಟ್ ಕೈಜಾರಿ ಸ್ಕ್ವೇರ್ ಲೆಗ್‌ನತ್ತ ಹಾರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಹಾಗಂತ ಏನೋ ಒಂದು ದಾರ ಕಟ್ಟಿದರೆ ಆಗಲಿಲ್ಲ. ಬಾರು ಉದ್ದವಾದರೆ ಜಾರಿದ ಕತ್ತಿ ಅದರ ತುದಿಯಲ್ಲಿ ಕವಣೆಯಂತೆ ಸುತ್ತಿ ಪಕ್ಕದವನಿಗೆ ಬಡಿಯುತ್ತದೆ. ಅತಿ ಬಿಗಿಯಾದರೆ ಕತ್ತಿ ಎದುರಾಳಿಯ ಗುರಾಣಿಗೆ ಸಿಕ್ಕಿಕೊಂಡಾಗ ನಮ್ಮ ಮಣಿಕಟ್ಟೇ ತಿರುಚುತ್ತದೆ. ಜಾರಿದ ಕತ್ತಿ ಕೈಯ ಹತ್ತಿರವೇ ತೂಗಾಡಬೇಕು, ಅಷ್ಟು ಸಾಕು. ಆಗಲೂ ಯಾರಾದರೂ ‘ಹೋಲ್ಡ್’ ಎಂದು ಕೂಗಿದರೆ ಇಡೀ ಅಂಗಳ ನಿಂತಲ್ಲೇ ನಿಲ್ಲಬೇಕು. ರಾಜನ ವೇಷದವನಿಗೂ ವಿನಾಯಿತಿಯಿಲ್ಲ.

ಕಳೆದ ತಿಂಗಳು ಆರಡಿ ದಾಟಿದ ಹಳೇ ಆಟಗಾರನೊಬ್ಬನನ್ನು ನಮ್ಮ ಮಾರ್ಷಲ್ ಹೊರಗೆ ಕಳಿಸಿದರು. ಅರವತ್ತು ದಾಟಿದ ಅಜ್ಜಿ ಆಕೆ. ಅವನ ಬಾರಿನ ಹೊಲಿಗೆ ಬಿಟ್ಟಿತ್ತು. ‘ನನ್ನ ಎದುರಾಳಿ ತಲೆಯಿಂದ ಮೊಣಕಾಲಿನವರೆಗೆ ರಕ್ಷೆ ತೊಟ್ಟಿದ್ದಾನೆ, ಅವನಿಗೇನಾಗುತ್ತೆ?’ ಎಂದು ಅವನು ಗೊಣಗಿದ. ಆಕೆ ವಾದಿಸಲೇ ಇಲ್ಲ. ಹಗ್ಗದಾಚೆ ಹುಲ್ಲಿನ ಮೇಲೆ ಕೂತು ಐಸ್‌ಕ್ರೀಂ ತಿನ್ನುತ್ತಿದ್ದ ಮಗುವನ್ನು ಬೆರಳು ಮಾಡಿ ತೋರಿಸಿದರು. ಅದರ ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ.

ಅವನು ಮರುಮಾತಾಡದೆ ಕಾರಿಗೆ ಹೋಗಿ ಹೊಸ ಹಗ್ಗ ತಂದ. ಗಂಟು ಹಾಕಲು ನಾನೇ ಹಿಡಿದುಕೊಂಡೆ. ಅಜ್ಜಿ ಮತ್ತೆ ಎರಡು ಸಲ ಜಗ್ಗಿ ನೋಡಿಯೇ ಒಳಗೆ ಬಿಟ್ಟದ್ದು.