ಗರ್ಭಕೋಶ ತೆಗೆದ ಮೇಲೂ ವಿಕಿರಣ ಏಕೆ?

ಗರ್ಭಕೋಶದ ಒಳಪದರದ ಕ್ಯಾನ್ಸರ್ ಆರಂಭದಲ್ಲೇ ಪತ್ತೆಯಾಗಿ ಗರ್ಭಕೋಶವನ್ನೇ ತೆಗೆದ ಮೇಲೂ ಕೆಲವರಿಗೆ ವಿಕಿರಣ ಚಿಕಿತ್ಸೆ ಏಕೆ?

ಕಳೆ ಕಿತ್ತ ಮಡಿಯಲ್ಲಿ ಬೇರಿನ ಚೂರು ಉಳಿದು ಚಿಗುರುವಂತೆ, ಶಸ್ತ್ರಚಿಕಿತ್ಸೆಯ ನಂತರವೂ ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಅವು ಮತ್ತೆ ಬೆಳೆಯುವುದು ಹೆಚ್ಚಾಗಿ ಯೋನಿಯ ಮೇಲ್ತುದಿಯಲ್ಲಿ. ವಿಕಿರಣ ಅವುಗಳ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶಗಳು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳು ವಿಭಜನೆಗೆ ಹೊರಟಾಗ ಸಾಯುತ್ತವೆ.

2000ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪೋರ್ಟೆಕ್ ಅಧ್ಯಯನದಲ್ಲಿ, 5 ವರ್ಷಗಳಲ್ಲಿ ಯೋನಿ ಅಥವಾ ಶ್ರೋಣಿ ಭಾಗದಲ್ಲಿ ರೋಗ ಮರುಕಳಿಸಿದ್ದು ವಿಕಿರಣ ಪಡೆಯದವರಲ್ಲಿ ಶೇ 14, ಪಡೆದವರಲ್ಲಿ ಶೇ 4. ಆಯಸ್ಸು ಮಾತ್ರ ಹೆಚ್ಚಲಿಲ್ಲ. ಇದು ಮುಖ್ಯವಾದ ಮಾತು: ಹಾಗಾಗಿಯೇ ಎಲ್ಲರಿಗೂ ವಿಕಿರಣ ಕೊಡುವುದಿಲ್ಲ. ವಯಸ್ಸು, ಗಡ್ಡೆಯ ಸ್ವಭಾವ, ಅದು ಸ್ನಾಯುವಿನೊಳಗೆ ಇಳಿದ ಆಳ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಈಗ ಅನೇಕರಿಗೆ ಹೊರಗಿನಿಂದ ಕೊಡುವ ಬದಲು ಯೋನಿಯೊಳಗೇ ಸಣ್ಣ ಕೊಳವೆಯಿಟ್ಟು ವಿಕಿರಣ ಕೊಡುವುದರಿಂದ ಕರುಳಿಗೆ ತೊಂದರೆ ಕಡಿಮೆ.