ಪರನಾಡಿನ ರಸ್ತೆಯಲ್ಲಿ ಎಚ್ಚರದ ಚಾಲನೆ

ಉದ್ಯೋಗವನ್ನರಸಿ ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ಕನ್ನಡಿಗರಲ್ಲಿ ಅನೇಕರು ದುಬೈನಲ್ಲಿ ದುಡಿಯುತ್ತ, ಬಾಡಿಗೆ ಕಡಿಮೆಯೆಂಬ ಕಾರಣಕ್ಕೆ ನೆರೆಯ ಶಾರ್ಜಾದಲ್ಲಿ ವಾಸಿಸುತ್ತಾರೆ. ಈ ಎರಡು ನಗರಗಳ ನಡುವಣ ಹೆದ್ದಾರಿಗಳು ಮುಂಜಾನೆ ಒಂದು ದಿಕ್ಕಿಗೆ, ಸಂಜೆ ಮತ್ತೊಂದು ದಿಕ್ಕಿಗೆ ವಾಹನಗಳಿಂದ ತುಂಬಿಹೋಗುತ್ತವೆ. ಅರ್ಧ ಗಂಟೆಯಲ್ಲಿ ಕ್ರಮಿಸಬಹುದಾದ ದಾರಿಗೆ ಒಂದೂವರೆ ಗಂಟೆ ಹಿಡಿಯುವುದು ಅಲ್ಲಿ ಅಪರೂಪವಲ್ಲ. ಇಂತಹ ದಟ್ಟಣೆಯಲ್ಲಿ ಸುರಕ್ಷಿತವಾಗಿ ವಾಹನ ನಡೆಸುವುದು ಕಾನೂನಿನ ವಿಷಯವಾಗಿರುವಷ್ಟೇ ಆರೋಗ್ಯದ ವಿಷಯವೂ ಹೌದು.

ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಚಾಲಕನ ಆಸನ ಬಲಕ್ಕಿರುತ್ತದೆ. ಅಲ್ಲಿ ಎರಡೂ ಅದಲುಬದಲು. ವೃತ್ತದೊಳಗಿನ ವಾಹನಗಳು ಎಡದಿಂದ ಬರುತ್ತವೆ, ವೇಗದ ಸಾಲು ಎಡತುದಿಯಲ್ಲಿರುತ್ತದೆ. ಈ ನಿಯಮಗಳನ್ನು ಬುದ್ಧಿ ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಆದರೆ ಹತ್ತಾರು ವರ್ಷಗಳ ಅಭ್ಯಾಸವು ಕಣ್ಣು, ಕೈಗಳಲ್ಲಿ ನೆಲೆಸಿರುತ್ತದೆ. ಮನಸ್ಸು ಎಚ್ಚರವಾಗಿರುವವರೆಗೆ ಅದು ಸುಮ್ಮನಿರುತ್ತದೆ. ದಣಿವು, ನಿದ್ದೆಗೇಡು, ಉದ್ವೇಗಗಳು ಆವರಿಸಿದಾಗ ಮರಳಿ ತಲೆಯೆತ್ತುತ್ತದೆ. ಖಾಲಿ ಬೀದಿಗೆ ತಿರುಗುವಾಗ ವಾಹನವು ತಾನಾಗಿ ಎಡಬದಿಗೆ ಸರಿಯುವುದು ಇಂತಹ ಗಳಿಗೆಯಲ್ಲಿಯೇ.

ಆದ್ದರಿಂದ ಮೊದಲ ರಕ್ಷೆ ನಿದ್ರೆ. ಸತತ ೧೭ ಗಂಟೆ ಎಚ್ಚರವಿದ್ದವನ ಪ್ರತಿಕ್ರಿಯೆಯು, ರಕ್ತದಲ್ಲಿ ಶೇಕಡ ೦.೦೫ರಷ್ಟು ಮದ್ಯಾಂಶವಿರುವವನ ಮಟ್ಟಕ್ಕೆ ಕುಸಿಯಬಲ್ಲದು. ಮುಂಜಾನೆ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೆ ಆ ಸ್ಥಿತಿಗೆ ತಲುಪುತ್ತಾನೆ. ನೆಗಡಿ, ಅಲರ್ಜಿಗಳಿಗೆ ಸೇವಿಸುವ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ವೈದ್ಯರನ್ನು ಕೇಳದೆ ಅವನ್ನು ನುಂಗಿ ಚಾಲನೆಗೆ ಕೂರಬಾರದು. ಬಿಸಿಲ ನಾಡಿನಲ್ಲಿ ನೀರು ಕುಡಿಯುವುದನ್ನು ಮರೆತರೆ ತಲೆನೋವು ಬಂದು ಗಮನ ಕುಗ್ಗುತ್ತದೆ.

ಎರಡನೆಯ ರಕ್ಷೆ ಅಂತರ. ಗಂಟೆಗೆ ೧೦೦ ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು ೨೮ ಮೀಟರ್ ಮುಂದೆ ಸಾಗಿರುತ್ತದೆ. ಮುಂದಿನ ವಾಹನಕ್ಕೂ ನಮಗೂ ಎರಡು ಸೆಕೆಂಡಿನ ಅಂತರವಾದರೂ ಇರಬೇಕು. ಚಳಿಗಾಲದ ಮುಂಜಾನೆಯ ಮಂಜಿನಲ್ಲಿ ಇನ್ನೂ ಹೆಚ್ಚು. ಆ ಜಾಗದಲ್ಲಿ ಮತ್ತೊಬ್ಬರು ನುಗ್ಗಿದರೆ ಸಿಟ್ಟಾಗದೆ ಮತ್ತೆ ಹಿಂದೆ ಸರಿಯುವುದೇ ಜಾಣತನ. ಹಿಂದಿನ ಆಸನದವರೂ ಸೀಟ್ ಬೆಲ್ಟ್ ಧರಿಸಬೇಕೆಂಬ ನಿಯಮ ಅಲ್ಲಿ ೨೦೧೭ರಿಂದ ಜಾರಿಯಲ್ಲಿದೆ.

ರಜೆಯಲ್ಲಿ ಊರಿಗೆ ಬಂದಾಗ ಇದೇ ತೊಡಕು ತಿರುಗುಮುರುಗಾಗಿ ಕಾಡುತ್ತದೆ. ಈಗ ಮೈಗೂಡಿರುವುದು ಬಲಬದಿಯ ಚಾಲನೆ. ರಾತ್ರಿಯ ವಿಮಾನದಲ್ಲಿ ನಿದ್ದೆಗೆಟ್ಟು ಬಂದಿಳಿದವರು ಕೂಡಲೇ ಚುಕ್ಕಾಣಿ ಹಿಡಿಯದೆ, ಮೊದಲ ದಿನ ಬೇರೊಬ್ಬರಿಗೆ ಅದನ್ನು ಬಿಡುವುದು ಕ್ಷೇಮ.

ಊರಿನಲ್ಲಿರುವ ನಮ್ಮ ಪಾಲಿಗೂ ಇಲ್ಲೊಂದು ಹೊಣೆಯಿದೆ. ಭಾರತದ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದು. ಸಂಜೆಯ ಪೂಜೆ ಮುಗಿಸಿ ಏಳೂವರೆಗೆ ತಾಯಿ ಮಗನಿಗೆ ಕರೆ ಮಾಡುವಾಗ, ಅಲ್ಲಿ ಆರು ಗಂಟೆ. ಅವನು ದಟ್ಟಣೆಯ ನಟ್ಟನಡುವೆ ಇರುತ್ತಾನೆ. ಚಾಲನೆಯಲ್ಲಿ ಮೊಬೈಲ್ ಹಿಡಿದವರಿಗೆ ಅಲ್ಲಿ ೮೦೦ ದಿರ್ಹಮ್ ದಂಡವಿದೆ. ಕಿವಿಗೆ ಸಾಧನ ಸಿಕ್ಕಿಸಿ ಮಾತನಾಡಿದರೂ ಗಮನ ಚದುರುವುದು ತಪ್ಪದು. ಮನೆಯ ಕರೆಯೆಂದರೆ ಏನಾಯಿತೋ ಎಂಬ ಆತಂಕದಿಂದಲೇ ಅವನ ಕೈ ಫೋನಿನತ್ತ ಚಾಚುತ್ತದೆ. ಒಂಬತ್ತೂವರೆಯವರೆಗೆ ಕಾದರೆ ಅಲ್ಲಿ ಎಂಟು ಗಂಟೆ. ಅವನು ಮನೆ ಸೇರಿ, ಊಟಕ್ಕೆ ಕುಳಿತು, ನೆಮ್ಮದಿಯಿಂದ ಮಾತನಾಡುತ್ತಾನೆ.